ಪದಚರ್ಚೆ: ಸ್ಯಾಂಪಲ್‌ಗೆ ‘ಮಾದರಿ’ ಅನ್ನುವುದು ಸರಿಯೇ?

ಎಲ್ಲರಿಗೂ ನಮಸ್ಕಾರ.

ಮೂರು ತಿಂಗಳಿಂದ ಒಂದೇ ಪದ ನನ್ನ ತಲೆ ತಿನ್ನುತ್ತಿದೆ. ಅಪರೂಪದ ಪದವೇನಲ್ಲ, ನಾವೆಲ್ಲ ದಿನಕ್ಕೆ ಹತ್ತು ಸಲ ಆಡುವ ‘ಮಾದರಿ’. ಇಲ್ಲಿ ಬಲ್ಲವರಿದ್ದೀರಿ, ಕೇಳಿಯೇ ಬಿಡೋಣ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ನಾನು ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಬಿ.ಎ. ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ನಾನು ಎಂ.ಎ. ಓದುವಾಗ ಸಂಶೋಧನಾ ವಿಧಾನದಲ್ಲಿ ಕ್ಷೇತ್ರಕಾರ್ಯ, ಸಂದರ್ಶನ ಇವುಗಳ ಮೇಲೆಯೇ ಒಲವು. ಲೆಕ್ಕದ ಭಾಗ ಬಂದಾಗ ಸೂತ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟಿದ್ದೆ. ಪಾಠ ಮಾಡಲು ನಿಂತ ಮೇಲೆ ಆ ಕೊರತೆ ಬಹಳ ಕಾಡಿತು. ಹಾಗಾಗಿ ಸಮಾಜ ವಿಜ್ಞಾನದವರಿಗೆ ಪರಿಮಾಣಾತ್ಮಕ, ಅಂದರೆ ಅಂಕಿಸಂಖ್ಯೆಗಳ ಮೇಲೆ ನಿಲ್ಲುವ, ಸಂಶೋಧನಾ ವಿಧಾನ ಕಲಿಸುವ 12 ವಾರಗಳ ಆನ್‌ಲೈನ್ ಕೋರ್ಸಿಗೆ ಸೇರಿದೆ. ರಾತ್ರಿ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ ವಿಡಿಯೊ, ಭಾನುವಾರ ಅಸೈನ್‌ಮೆಂಟ್. ಲ್ಯಾಪ್‌ಟಾಪಿಗೆ ‘ಆರ್’ ಎಂಬ ಅಂಕಿಅಂಶ ಲೆಕ್ಕದ ತಂತ್ರಾಂಶ ಹಾಕಿಕೊಂಡಿದ್ದೇನೆ. ಅದು ಉಚಿತ, ಮತ್ತೆ ಮತ್ತೆ ತಪ್ಪು ಮಾಡಿ ಕಲಿಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ನಾನು ಟಿಪ್ಪಣಿ ಬರೆದುಕೊಳ್ಳುವುದು ಮಾತ್ರ ಕನ್ನಡದಲ್ಲಿ. ಮುಂದಿನ ವರ್ಷ ಅದನ್ನೇ ತಿದ್ದಿ ನನ್ನ ಮಕ್ಕಳ ಕೈಗೆ ಕೊಡಬೇಕೆಂಬ ಆಸೆ. ತರಗತಿಯಲ್ಲಿ ಕೂತು ಕಲಿತಿದ್ದರೆ ಮೇಷ್ಟರು ಮುಂದೆ ಹೋಗಿಬಿಡುತ್ತಿದ್ದರು. ಇಲ್ಲಿ ವಿಡಿಯೊ ನಿಲ್ಲಿಸಿ, ಒಂದು ಪದಕ್ಕೆ ಕನ್ನಡದಲ್ಲಿ ಏನು ಅಂತ ಅರ್ಧ ಗಂಟೆ ಯೋಚಿಸಬಹುದು. ಒಂದೊಂದು ರಾತ್ರಿ ಹತ್ತು ನಿಮಿಷದ ವಿಡಿಯೊ ಮುಗಿಯುವಷ್ಟರಲ್ಲಿ ಹನ್ನೊಂದೂವರೆ ಆಗಿರುತ್ತದೆ.

ಬಹಳಷ್ಟು ಪದಗಳಿಗೆ ತೊಂದರೆಯೇ ಇಲ್ಲ. ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆ, ಸಂಭವನೀಯತೆ, ಇವೆಲ್ಲ ಮಕ್ಕಳು ಹೈಸ್ಕೂಲಿನ ಗಣಿತದಲ್ಲೇ ಕಂಡ ಪದಗಳು. ದತ್ತಾಂಶ, ಪ್ರಶ್ನಾವಳಿ, ಸಹಸಂಬಂಧ ಕೂಡ ಬಳಕೆಯಲ್ಲಿ ಪಳಗಿವೆ. ಮೂರನೇ ವಾರ ಸ್ಯಾಂಪ್ಲಿಂಗ್, ಅಂದರೆ ಇಡೀ ಗುಂಪಿನಿಂದ ಒಂದಷ್ಟನ್ನು ಮಾತ್ರ ಆಯ್ದು ಅಧ್ಯಯನ ಮಾಡುವ ಪಾಠ ಬಂತು, ಅಲ್ಲಿ ಗಾಡಿ ನಿಂತಿತು. ಆ ದಿನದ ನನ್ನ ಟಿಪ್ಪಣಿಯ ಒಂದು ವಾಕ್ಯ ಹೀಗಿದೆ: “ಈ ಮಾದರಿಯಿಂದ ಕಟ್ಟಿದ ಮಾದರಿ ಸರಿಯೇ ಎಂದು ತಿಳಿಯಲು ಅದೇ ಮಾದರಿಯಲ್ಲಿ ಆಯ್ದ ಬೇರೊಂದು ಮಾದರಿಯ ಮೇಲೆ ಅದನ್ನು ಪರೀಕ್ಷಿಸಬೇಕು.” ಮೊದಲನೆಯ ‘ಮಾದರಿ’ ಸ್ಯಾಂಪಲ್, ಎರಡನೆಯದು ಮಾಡೆಲ್ (ದತ್ತಾಂಶದೊಳಗಿನ ಸಂಬಂಧವನ್ನು ಲೆಕ್ಕದಲ್ಲಿ ಹಿಡಿದಿಡುವ ಚೌಕಟ್ಟು), ಮೂರನೆಯದು ರೀತಿ, ಕೊನೆಯದು ಮತ್ತೆ ಸ್ಯಾಂಪಲ್. ಬರೆದವಳು ನಾನೇ ಆದರೂ ಮಾರನೇ ದಿನ ಓದಿದಾಗ ಯಾವುದು ಯಾವುದೆಂದು ತಿಳಿಯಲಿಲ್ಲ.

ಇಷ್ಟೇ ಆಗಿದ್ದರೆ ಬರಹದ ತೊಡಕು ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಕಲಿತದ್ದನ್ನು ಮಾಡಿ ನೋಡೋಣವೆಂದು ಆರು ಜನ ವಿದ್ಯಾರ್ಥಿಗಳ ಜೊತೆ ಹತ್ತಿರದ ಹಳ್ಳಿಗೆ ಹೋದೆ. ನೀರು ತರುವ ಕೆಲಸಕ್ಕೆ ಮನೆಯಲ್ಲಿ ಯಾರು, ದಿನಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎನ್ನುವ ಸಣ್ಣ ಸಮೀಕ್ಷೆ. ಊರಿನ ಮನೆಗಳ ಪಟ್ಟಿ ಮಾಡಿ, ಮನೆ ನಂಬರುಗಳನ್ನು ಚೀಟಿಯಲ್ಲಿ ಬರೆದು, ಡಬ್ಬಿಯಲ್ಲಿ ಹಾಕಿ ಕುಲುಕಿ 40 ಚೀಟಿ ಎತ್ತಿದೆವು. ನಾನು ಪುಸ್ತಕದ ಕನ್ನಡದಲ್ಲೇ, “ನಿಮ್ಮ ಮನೆ ಮಾದರಿಯಾಗಿ ಆಯ್ಕೆಯಾಗಿದೆ” ಎಂದು ಶುರು ಮಾಡಿದೆ.

ಮೂರನೆಯ ಮನೆಯ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವರು ಇದನ್ನು ಕೇಳಿ ಬಾಗಿಲಲ್ಲೇ ನಿಂತರು. “ನಮ್ಮನೇಲಿ ಮಾದ್ರಿ ಅನ್ನೋ ಅಂಥದ್ದು ಏನೈತೆ ತಾಯಿ? ಅಗೋ, ಎದುರು ಮನೆಗೆ ಹೋಗಿ. ಹೊಸದಾಗಿ ಕಟ್ಸವ್ರೆ, ನೆಲಕ್ಕೆಲ್ಲ ಟೈಲ್ಸ್ ಹಾಕ್ಸವ್ರೆ.” ಎಷ್ಟು ಹೇಳಿದರೂ ಅಜ್ಜಿಗೆ ಸಂಕೋಚ. ಅಷ್ಟರಲ್ಲಿ ಪಂಚಾಯಿತಿ ಸದಸ್ಯರೊಬ್ಬರು ಬಂದು, “ಮೇಡಂ, ನಮ್ಮೂರು ಮಾದರಿ ಗ್ರಾಮ ಅಂತ ಆಯ್ತಾ?” ಎಂದು ಖುಷಿಯಿಂದ ವಿಚಾರಿಸಿದರು. ಅವರ ಮುಖ ನೋಡಿ ‘ಇಲ್ಲ’ ಎನ್ನಲು ನನಗೆ ನಾಲಿಗೆಯೇ ಏಳಲಿಲ್ಲ.

ಆ ಅಜ್ಜಿಯ ಮಾತು ಕೇಳಿ ನಾವು ಎದುರು ಮನೆಗೆ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ. ಚೀಟಿಯಲ್ಲಿ ಬಂದ ಹೆಂಚಿನ ಮನೆ ಬಿಟ್ಟುಹೋಗಿ, ಚೀಟಿಯಲ್ಲಿ ಬರದ, ಮನೆಯೊಳಗೇ ನಲ್ಲಿ ಇರುವ ಟೈಲ್ಸ್ ಮನೆ ಲೆಕ್ಕಕ್ಕೆ ಸೇರುತ್ತಿತ್ತು. ಹತ್ತು ಮನೆಯಲ್ಲಿ ಹೀಗಾದರೆ ಊರಿನ ಹೆಂಗಸರು ನೀರಿಗೆ ಕೊಡುವ ಹೊತ್ತು ನಮ್ಮ ಕಾಗದದ ಮೇಲೆ ಕಡಿಮೆಯಾಗಿ ಕಾಣುತ್ತಿತ್ತು. ಕೋರ್ಸಿನಲ್ಲಿ ಈ ಬಗೆಯ ದೋಷಕ್ಕೆ ಹತ್ತಾರು ಕಾರಣ ಹೇಳಿದ್ದರು. ನಾವು ಬಳಸುವ ಪದವೇ ದೋಷವನ್ನು ಹುಟ್ಟಿಸಬಹುದು ಎನ್ನುವುದು ನನಗೆ ಆ ಹೊಸಿಲ ಮುಂದೆ ನಿಂತಾಗಲೇ ಗೊತ್ತಾಯಿತು.

ಆಗ ನನ್ನ ವಿದ್ಯಾರ್ಥಿನಿಯೊಬ್ಬಳು ಮುಂದೆ ಬಂದಳು. ಅವಳ ಮನೆಯಲ್ಲೂ ಎರಡು ಹಸು ಇವೆ. “ಅಜ್ಜಿ, ಡೇರೀಲಿ ಕ್ಯಾನ್ ಹಾಲೆಲ್ಲ ಪರೀಕ್ಷೆ ಮಾಡ್ತಾರಾ? ಒಂಚೂರು ಸ್ಯಾಂಪಲ್ ತಗೊಂಡು ಫ್ಯಾಟ್ ನೋಡ್ತಾರಲ್ಲ, ಹಂಗೆ ಕಣಜ್ಜಿ. ಊರಲ್ಲಿ ಎಲ್ಲಾರ್ನೂ ಕೇಳಕ್ಕಾಗಲ್ಲ, ಅದಕ್ಕೇ ನಲವತ್ತು ಮನೆ” ಅಂದಳು. ಅಜ್ಜಿ ಒಂದು ಕ್ಷಣ ಯೋಚಿಸಿ, “ಹಂಗನ್ನು ಮತ್ತೆ. ಆದ್ರೆ ಕಲಕಿ ತಗೋಬೇಕು ಕಣೇ, ಇಲ್ದಿದ್ರೆ ಕೆನೆಯೆಲ್ಲ ಮೇಲೇ ಇರ್ತದೆ” ಅಂದು ಜಗಲಿಯ ಮೇಲೆ ಚಾಪೆ ಹಾಸಿದರು. ಡಬ್ಬಿಯಲ್ಲಿ ಚೀಟಿ ಹಾಕಿ ಕುಲುಕುವುದು ಏಕೆಂದು ನಾನು ಎರಡು ವಾರ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಆ ಅಜ್ಜಿ ಒಂದು ಮಾತಿನಲ್ಲಿ ಹೇಳಿದ್ದರು.

ಹಾಗಾದರೆ ‘ಸ್ಯಾಂಪಲ್’ ಅಂತಲೇ ಇಟ್ಟುಕೊಳ್ಳೋಣ ಅನ್ನುತ್ತೀರಾ? ನಾಲ್ಕು ಮನೆ ಆಚೆ ಅದಕ್ಕೂ ಪೆಟ್ಟು ಬಿತ್ತು. ಡೇರಿಯ ಹೋಲಿಕೆ ಕೇಳಿದ ಒಬ್ಬ ಗೃಹಸ್ಥರು, “ನಮ್ಮನೆಯೋರು ಸುಳ್ಳು ಹೇಳ್ತಾರೆ ಅಂತ ಚೆಕ್ ಮಾಡಕ್ಕೆ ಬಂದಿದ್ದೀರಾ?” ಎಂದು ಮುಖ ಬಿಗಿದುಕೊಂಡರು. ಡೇರಿಯಲ್ಲಿ ಸ್ಯಾಂಪಲ್ ತೆಗೆಯುವುದು ಹಾಲಿಗೆ ನೀರು ಬೆರೆತಿದೆಯೇ ಎಂದು ತಿಳಿಯಲೂ ಹೌದಲ್ಲವೇ? ‘ಮಾದರಿ’ ಎಂದರೆ ಮರ್ಯಾದೆ, ‘ಸ್ಯಾಂಪಲ್’ ಎಂದರೆ ಅನುಮಾನ. ಎರಡರ ನಡುವೆ ನಿಲ್ಲುವ ಒಂದು ಪದ ಬೇಕಾಗಿದೆ.

ಈಗ ‘ಮಾದರಿ’ಯ ಪರವಾಗಿಯೂ ನ್ಯಾಯವಾಗಿ ಹೇಳಬೇಕು. ಕೃಷಿ ಇಲಾಖೆಯವರು ‘ಮಣ್ಣಿನ ಮಾದರಿ’ ಎನ್ನುತ್ತಾರೆ, ರೈತರಿಗೆ ಅದರಲ್ಲಿ ಗೊಂದಲವೇ ಇಲ್ಲ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತಾರು ಕಡೆ ಗುಂಡಿ ತೋಡಿ, ಗೊಬ್ಬರದ ಗುಡ್ಡೆ, ಮರದ ಬುಡ, ಬದು ಇವುಗಳನ್ನು ಬಿಟ್ಟು ಮಣ್ಣು ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳುತ್ತಾ ಕೊನೆಗೆ ಅರ್ಧ ಕೆಜಿ ಕಳಿಸುತ್ತಾರೆ. ಮಣ್ಣಿಗೆ ಮಾನ ಅವಮಾನ ಇಲ್ಲದ್ದರಿಂದ ಅಲ್ಲಿ ಪದ ಒಗ್ಗಿಕೊಂಡಿತು ಅನಿಸುತ್ತದೆ. ಪತ್ರಿಕೆಗಳಲ್ಲಿ ‘ರಾಷ್ಟ್ರೀಯ ಮಾದರಿ ಸಮೀಕ್ಷೆ’ (ನ್ಯಾಷನಲ್ ಸ್ಯಾಂಪಲ್ ಸರ್ವೇ) ಎಂದು ಬರೆಯುವುದೂ ಬಹುಕಾಲದ ರೂಢಿ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಶುರುವಾದ ಆ ಸಮೀಕ್ಷೆಯ ಹೆಸರನ್ನು ನನ್ನ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಅರ್ಥ ಕೇಳಿದೆ. ‘ಎಲ್ಲ ಸಮೀಕ್ಷೆಗಳಿಗೂ ಆದರ್ಶವಾಗಿರುವ ಸಮೀಕ್ಷೆ’ ಎಂದು ಹೆಚ್ಚಿನವರು ಹೇಳಿದರು. ಮಾದರಿ ಶಾಲೆ, ಮಾದರಿ ನೀತಿ ಸಂಹಿತೆ, ‘ಎಲ್ಲರಿಗೂ ಮಾದರಿಯಾಗಿದ್ದಾಳೆ’ ಇವುಗಳ ನಡುವೆ ಬೆಳೆದ ಮಕ್ಕಳು ಬೇರೆ ಹೇಗೆ ತಿಳಿದಾರು?

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ‘ಮಾದರಿ’ ಎಂದ ಕೂಡಲೇ ‘ಇದು ಇಡಿಯದರ ಹಾಗೆಯೇ ಇದೆ’ ಎಂದು ಒಪ್ಪಿಕೊಂಡಂತೆ ಆಗುತ್ತದೆ. ಆಯ್ದ ತುಣುಕು ಇಡಿಯನ್ನು ಹೋಲುತ್ತದೆಯೇ ಎನ್ನುವುದೇ ಈ ಶಾಸ್ತ್ರದ ಮೊದಲ ಪ್ರಶ್ನೆ. 1936ರ ಅಮೆರಿಕದ ಚುನಾವಣೆಯ ಕಥೆ ನಿಮಗೆ ಗೊತ್ತಿರಬಹುದು. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರದಂಥ ಕಾರ್ಡು ಕಳಿಸಿತು, 20 ಲಕ್ಷಕ್ಕೂ ಹೆಚ್ಚು ಉತ್ತರ ವಾಪಸು ಬಂತು. ಅದನ್ನು ನಂಬಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46ನ್ನು ಗೆದ್ದವರು ಅವರ ಎದುರಾಳಿ, ಆಗಿನ ಅಧ್ಯಕ್ಷ ರೂಸ್‌ವೆಲ್ಟ್. ವಿಳಾಸಗಳಲ್ಲಿ ಬಹುಪಾಲು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಬಂದಿದ್ದವು. ಆರ್ಥಿಕ ಕುಸಿತದ ಆ ಕಾಲದಲ್ಲಿ ಅಂಥವರು ಅನುಕೂಲಸ್ಥರು. ಉತ್ತರ ಬರೆದು ಕಳಿಸಿದವರೂ ಎಲ್ಲರಂಥವರಲ್ಲ. ಆ 20 ಲಕ್ಷ ಕಾರ್ಡುಗಳನ್ನು ಇಂಗ್ಲಿಷಿನಲ್ಲಿ ಕೆಟ್ಟ ಸ್ಯಾಂಪಲ್ ಅನ್ನಬಹುದು. ಕನ್ನಡದಲ್ಲಿ ‘ಕೆಟ್ಟ ಮಾದರಿ’ ಅಂದರೆ ಯಾರೋ ಕೆಟ್ಟ ಮೇಲ್ಪಂಕ್ತಿ ಹಾಕಿಕೊಟ್ಟರು ಎನ್ನುವ ಅರ್ಥ ಬರುತ್ತದೆ. ‘ಪ್ರಾತಿನಿಧಿಕವಲ್ಲದ ಮಾದರಿ’ ಎಂದರೆ ಒಂದರ ಮುಂದೊಂದು ಹೊಡೆದಾಡುವ ಎರಡು ಪದ ಇಟ್ಟ ಹಾಗಾಗುತ್ತದೆ.

ಬೇರೆ ಪದಗಳನ್ನೂ ಇಟ್ಟು ನೋಡಿದೆ. ತಮಿಳರು ‘ಮಾದಿರಿ’ ಎನ್ನುತ್ತಾರೆ, ನಮ್ಮದೇ ಕಷ್ಟ ಅವರಿಗೂ ಇರಬೇಕು. ಮರಾಠಿಯಲ್ಲಿ ‘ನಮುನಾ’, ತೆಲುಗಿನಲ್ಲೂ ‘ನಮೂನಾ’. ನಮ್ಮಲ್ಲಿ ನಮೂನೆ ಅಂದರೆ ಅರ್ಜಿ ನಮೂನೆ, ಪಂಚಾಯಿತಿ ಆಸ್ತಿಯ ನಮೂನೆ 9, ನಮೂನೆ 11. ಉತ್ತರ ಕರ್ನಾಟಕದ ಗೆಳತಿಯೊಬ್ಬಳನ್ನು ಕೇಳಿದರೆ “ಒಂದ್ ನಮೂನಿ ಮನಿ ಅಂದ್ರ ವಿಚಿತ್ರ ಮನಿ ಅಂತ ತಿಳ್ಕೊಂತಾರ” ಅಂದಳು. ಹಿಂದಿಯ ‘ಪ್ರತಿದರ್ಶ’ ತಂದರೆ ಗೊಂದಲವಿಲ್ಲ, ಅರ್ಥವೂ ಇಲ್ಲ. ಮಕ್ಕಳು ಮತ್ತೆ ಬಾಯಿಪಾಠಕ್ಕೆ ಇಳಿಯುತ್ತಾರೆ.

ಇದೇ ಎಳೆಯಲ್ಲಿ ಇನ್ನೊಂದು ಪದ: ‘ಯಾದೃಚ್ಛಿಕ’. ರ‍್ಯಾಂಡಮ್ ಎನ್ನುವುದಕ್ಕೆ ಪಠ್ಯಗಳಲ್ಲಿ ಇದೇ ಇದೆ. ಮಕ್ಕಳನ್ನು ಅರ್ಥ ಕೇಳಿದರೆ “ಇಚ್ಛೆ ಬಂದಂತೆ ಆರಿಸುವುದು” ಎನ್ನುತ್ತಾರೆ. ಕಿವಿಗೆ ‘ಇಚ್ಛೆ’ ಕೇಳಿಸುವುದೇ ಇದಕ್ಕೆ ಕಾರಣ. ‘ಯದೃಚ್ಛೆ’ಗೂ ಇಚ್ಛೆಗೂ ಮೂಲದಲ್ಲಿ ನಂಟಿಲ್ಲ. ಗೀತೆಯ 4ನೇ ಅಧ್ಯಾಯದ ‘ಯದೃಚ್ಛಾಲಾಭಸಂತುಷ್ಟಃ’ ನೆನಪಿಸಿಕೊಳ್ಳಿ: ತಾನಾಗಿ ಒದಗಿ ಬಂದದ್ದರಲ್ಲಿ ತೃಪ್ತ. ಯಾರ ಇಚ್ಛೆಯೂ ಇಲ್ಲದೆ ಬಂದದ್ದು ಎನ್ನುವುದೇ ಅಲ್ಲಿ ಬೇಕಾದ ಅರ್ಥ, ರ‍್ಯಾಂಡಮ್‌ಗೆ ಅದು ಎಷ್ಟು ಚೆನ್ನಾಗಿ ಕೂರುತ್ತದೆ! ಪದ ಸರಿ ಇದೆ, ಕೇಳಿಸುವುದು ತಪ್ಪಾಗಿದೆ. ತಪ್ಪು ಸಣ್ಣದಲ್ಲ, ಏಕೆಂದರೆ ಸಮೀಕ್ಷೆಗೆ ಹೋದ ಹುಡುಗ ರಸ್ತೆ ಬದಿಯ, ನಾಯಿ ಇಲ್ಲದ, ನಗುತ್ತಾ ಮಾತಾಡಿಸುವ ಮನೆಗಳನ್ನು ತನ್ನಿಚ್ಛೆಯಂತೆ ಆರಿಸಿ ಬಂದು ‘ಯಾದೃಚ್ಛಿಕ’ ಎಂದು ವರದಿಯಲ್ಲಿ ಬರೆಯುತ್ತಾನೆ. ನಾನು ಈಗ ತರಗತಿಯಲ್ಲಿ ‘ಚೀಟಿ ಎತ್ತಿದ ಆಯ್ಕೆ’ ಎನ್ನುತ್ತಿದ್ದೇನೆ.

ಸ್ಯಾಂಪಲ್ ತೆಗೆಯುವ ಇಡೀ ಗುಂಪು, ಅಂದರೆ ಪಾಪ್ಯುಲೇಶನ್‌ಗೆ ‘ಜನಸಂಖ್ಯೆ’ ಬೇಡವೇ ಬೇಡ. ನಾವು ಅಧ್ಯಯನ ಮಾಡುವುದು ಶಾಲೆಗಳನ್ನೋ ಅಂಗನವಾಡಿಗಳನ್ನೋ ಇರಬಹುದು. ‘ಸಮಷ್ಟಿ’ ನನಗೆ ಒಪ್ಪಿಗೆ. ಕಂಡ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಪರೀಕ್ಷೆಯ ಸಿಗ್ನಿಫಿಕೆನ್ಸ್‌ಗೆ ‘ಗಣನೀಯ’ ಎಂದು ಬರೆದರೆ ವ್ಯತ್ಯಾಸ ದೊಡ್ಡದೆಂದು ಓದುಗರು ತಿಳಿಯುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 6 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಕೇಳಿದಾಗ ತೀರಾ ಸಣ್ಣ ವ್ಯತ್ಯಾಸವೂ ಆ ಪರೀಕ್ಷೆಯಲ್ಲಿ ಪಾಸಾಗಬಹುದು. ‘ಇದು ಬರೀ ಚೀಟಿಯ ಆಟದಿಂದ ಬಂದ ವ್ಯತ್ಯಾಸವಾಗಿರುವುದು ಕಷ್ಟ’ ಎನ್ನುವ ಇಷ್ಟುದ್ದದ ಅರ್ಥ ಒಂದು ಪದದಲ್ಲಿ ಬರಬೇಕು. ಅದಕ್ಕೆ ಬೇರೆಯೇ ಚರ್ಚೆ ಆಗಲಿ.

ಸದ್ಯಕ್ಕೆ ನನ್ನ ಟಿಪ್ಪಣಿಯಲ್ಲಿ ಮಾಡೆಲ್‌ಗೆ ಮಾತ್ರ ‘ಮಾದರಿ’ ಉಳಿಸಿಕೊಂಡಿದ್ದೇನೆ. ಸ್ಯಾಂಪಲ್ ಅನ್ನು ಹಾಗೆಯೇ ಬಿಟ್ಟಿದ್ದೇನೆ. ಹಳ್ಳಿಯಲ್ಲಿ ಉಳಿದ ಮನೆಗಳಿಗೆ ಹೋದಾಗ “ಚೀಟೀಲಿ ನಿಮ್ಮನೆ ಬಂತು” ಅಂದೆವು. ಯಾರೂ ಹಿಗ್ಗಲಿಲ್ಲ, ಯಾರೂ ಸಿಟ್ಟಾಗಲಿಲ್ಲ. ಒಬ್ಬರು ಮಾತ್ರ ಚೀಟಿ ವ್ಯವಹಾರದ ದುಡ್ಡು ಬಂತೆಂದು ತಿಳಿದು ಆಸೆಯಿಂದ ಕೇಳಿದರು, ಅವರಿಗೆ ಬಿಡಿಸಿ ಹೇಳಿದೆವು. ಆದರೆ ‘ಚೀಟಿಯಲ್ಲಿ ಬಂದ ಮನೆ’ ಎನ್ನುವುದನ್ನು ಶಾಸ್ತ್ರದ ಪದವಾಗಿ ಬಳಸಲಾಗದು. ಚೀಟಿ ಎತ್ತದೆ ಬೇರೆ ರೀತಿ ಆಯ್ದಾಗಲೂ ಹೊಂದುವ, ಇಡಿಯ ಹಾಗೆ ಇದೆ ಎಂದು ಮೊದಲೇ ಮಾತು ಕೊಡದ, ಬರೀ ‘ಇಡಿಯಿಂದ ತೆಗೆದದ್ದು’ ಎನ್ನುವಂಥ ಪದ ಬೇಕು.

ಹಳೆಯ ಕಸುಬುಗಳಲ್ಲಿ ಅದು ಇದ್ದೇ ಇರಬೇಕೆಂಬುದು ನನ್ನ ಗುಮಾನಿ. ಮಂಡಿಯಲ್ಲಿ ಮೊನಚು ಕೊಳವೆಯನ್ನು ಮೂಟೆಗೆ ಚುಚ್ಚಿ ಹಿಡಿಯಷ್ಟು ಕಾಳು ತೆಗೆದು ಅಂಗೈ ಮೇಲೆ ಹರಡಿ ನೋಡುತ್ತಾರೆ. ಕಾಫಿ ಕೊಳ್ಳುವವರು ಚೀಲದಿಂದ ಒಂದಿಷ್ಟು ತೆಗೆದು ಎಷ್ಟು ಬೇಳೆ ಇಳಿಯುತ್ತದೆ ಎಂದು ನೋಡಿ ದರ ಹೇಳುತ್ತಾರೆ. ಅಕ್ಕಸಾಲಿಗರು ಚಿನ್ನವನ್ನು ಒರೆಗೆ ಹಚ್ಚುತ್ತಾರೆ. ರಾಯಚೂರು, ಬ್ಯಾಡಗಿ, ಚಿಕ್ಕಮಗಳೂರು, ಕರಾವಳಿ ಕಡೆಯವರು ಇಲ್ಲಿ ಇದ್ದೀರಿ. ಆ ಅಂಗೈ ಮೇಲಿನ ಹಿಡಿ ಕಾಳಿಗೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಆ ಪದ ಆಡಿದಾಗ ಅದರಲ್ಲಿ ಮೆಚ್ಚುಗೆ ಇರುತ್ತಿತ್ತೇ, ಅನುಮಾನ ಇರುತ್ತಿತ್ತೇ, ಅಥವಾ ಎರಡೂ ಇಲ್ಲದೆ ಬರೀ ‘ತೆಗೆದದ್ದು’ ಎಂದಷ್ಟೇ ಇರುತ್ತಿತ್ತೇ?