ಅಪ್‌ಡೇಟ್: ಗೋವಾದ ಸಮುದ್ರ ಈಜು ಮುಗಿಸಿದೆ!

ಎರಡು ತಿಂಗಳ ಹಿಂದೆ ಕೇಳಿದ್ದೆ, ನೆನಪಿದೆ ಅಲ್ವಾ? ಈಜುಕೊಳದಲ್ಲಿ 2 ಕಿ.ಮೀ. ಆರಾಮಾಗಿ ಈಜುತ್ತೇನೆ, ಸಮುದ್ರಕ್ಕಿಳಿದರೆ ಉಸಿರು ಕಟ್ಟುತ್ತದೆ, ಗೋವಾದ ಐರನ್‌ಮ್ಯಾನ್ 70.3ರಲ್ಲಿ (ಈಜು, ಸೈಕಲ್, ಓಟ ಮೂರೂ ಒಂದರ ಹಿಂದೊಂದು ಇರುವ ಸ್ಪರ್ಧೆ) 1.9 ಕಿ.ಮೀ. ಹೇಗಪ್ಪಾ ಮುಗಿಸಲಿ ಅಂತ. ಮುಗಿಸಿದೆ.

ನಿಮ್ಮಲ್ಲೊಬ್ಬರು ಹೇಳಿದ ಮಾತೇ ಕೆಲಸಕ್ಕೆ ಬಂತು: ನೀರೊಳಗೆ ಪೂರ್ತಿ ಉಸಿರು ಬಿಡಿ. ನಾನು ಉಸಿರು ಹಿಡಿದುಕೊಂಡೇ ಈಜುತ್ತಿದ್ದೆ, ಗಾಬರಿಗೆ ಅರ್ಧ ಕಾರಣ ಅದೇ. ಕೊಳದಲ್ಲಿ ಗೋಡೆ ಮುಟ್ಟದೆ ತಿರುಗುವುದು, ಆಗಾಗ ಕಣ್ಣಷ್ಟೇ ನೀರಿನ ಮೇಲೆತ್ತಿ ದಿಕ್ಕು ನೋಡುವುದು, ಇವೆರಡನ್ನೂ ಜಾಸ್ತಿ ಮಾಡಿದೆ. ಆಮೇಲೆ ಮಲ್ಪೆಯಲ್ಲಿ ನಾಲ್ಕು ದಿನ ಬೆಳಗ್ಗೆ, ಪಕ್ಕದಲ್ಲಿ ಪರಿಚಯದವರ ದೋಣಿ. ಒಬ್ಬರೇ ಮಾತ್ರ ಇಳಿಯಬೇಡಿ ಮಾರಾಯ್ರೆ.

ಸ್ಪರ್ಧೆಯ ದಿನ ಗೋವಾದ ಮಿರಾಮಾರ್ ಬೀಚ್‌ನಲ್ಲಿ ಮೊದಲ ಇನ್ನೂರು ಮೀಟರ್ ನರಕ. ಯಾರದೋ ಕಾಲು ಗಾಗಲ್ಸಿಗೆ ಬಡಿದು ಒಳಗೆಲ್ಲ ಉಪ್ಪುನೀರು, ಎದೆ ಢವಢವ. ಸುಮ್ನೆ ಅಂಗಾತ ತೇಲಿದೆ, ಇಪ್ಪತ್ತು ಉಸಿರು ಎಣಿಸಿದೆ. ಉಪ್ಪುನೀರು ಚೆನ್ನಾಗಿ ತೇಲಿಸುತ್ತದೆ, ಅದನ್ನು ನಂಬಿದ ಮೇಲೆ ಮೈ ಸಡಿಲವಾಯಿತು. ದಡ ಎಷ್ಟು ದೂರ ಅಂತ ನೋಡಲೇ ಇಲ್ಲ, ದಾರಿ ತೋರಿಸಲು ತೇಲಿಬಿಟ್ಟ ಮುಂದಿನ ಬಲೂನು ಮಾತ್ರ ನೋಡುತ್ತಾ ಹೋದೆ.

ಕುತ್ತಿಗೆಗೆ ವ್ಯಾಸಲೀನ್ ಹಚ್ಚಲು ಮರೆತಿದ್ದೆ, ಇನ್ನೂ ಉರಿಯುತ್ತಿದೆ. ಸೈಕಲ್ ಕಥೆ ಕೇಳಬೇಡಿ, ಅದು ಬೇರೆಯೇ ಗೋಳು.