ಕಮರಾವ್ ಎಂಪನಾಡೊ (ಹೊದಿಕೆ ಹಚ್ಚಿ ಕರಿದ ಸಿಗಡಿ): ಹೊದಿಕೆ ಕಳಚದಂತೆ ಕರಿದವರು ಅನುಭವ ತಿಳಿಸಿ

ಪ್ರಶ್ನೆ (ಬ್ರೆಜಿಲ್‌ನ ಕಂಪಿನಾಸ್‌ನಿಂದ): ಮಗಳ ಹುಟ್ಟುಹಬ್ಬಕ್ಕೆ ಬರುವ ಇಲ್ಲಿನ ಗೆಳೆಯರಿಗೆ ಕಮರಾವ್ ಎಂಪನಾಡೊ ಮಾಡಬೇಕೆಂದಿದ್ದೇನೆ. ಕಳೆದ ಸಲ ಎಣ್ಣೆಗೆ ಬಿಟ್ಟ ಕೂಡಲೇ ಹೊದಿಕೆ ಕಳಚಿತು. ಸಾಕಣೆಯ ಹೆಪ್ಪುಗಟ್ಟಿದ ಸಿಗಡಿ ಒಳ್ಳೆಯದೋ, ಸಮುದ್ರದ್ದೋ? ಇಲ್ಲಿನ ಬ್ರೆಡ್ ಪುಡಿ ಫರಿನ್ಯಾ ಜಿ ರೊಸ್ಕಾ ಬಳಸಲೋ, ಜಪಾನಿ ಬ್ರೆಡ್ ಪುಡಿ ಪಾಂಕೊ ಬಳಸಲೋ?

ಫ್ಲೋರಿಯಾನೊಪೊಲಿಸ್‌ನ ಕುಂದಾಪುರದವ: ಹೆಪ್ಪುಗಟ್ಟಿದ್ದನ್ನು ನಂಬಿ ನಾನು ಕಳೆದುಕೊಂಡ ಹಣದ ಲೆಕ್ಕ ಹೇಳುತ್ತೇನೆ. ಕಿಲೊಗೆ 60 ರಿಯಲ್‌ನಂತೆ ಎರಡು ಕಿಲೊ ತಂದು, ಕರಗಿಸಿ, ಸೋಸಿ ತೂಗಿದರೆ 1.4 ಕಿಲೊ ಉಳಿಯಿತು. ಅಂದರೆ ನಿಜವಾದ ಬೆಲೆ ಕಿಲೊಗೆ 85 ರಿಯಲ್ ದಾಟಿತು. ಕಡಿಮೆಯಾದದ್ದು ನೀರು, ಮತ್ತು ಆ ನೀರೇ ಕಾದ ಎಣ್ಣೆಯಲ್ಲಿ ಆವಿಯಾಗಿ ಹೊದಿಕೆಯನ್ನು ಒಳಗಿನಿಂದ ತಳ್ಳುತ್ತದೆ. ಅಂಗಡಿಯವನಿಗೆ ಹೇಳಿದರೆ, ಚೀಟಿಯಲ್ಲಿ ಬರೆದ ತೂಕವೇ ಸರಿ ಎಂದು ವಾದಿಸಿದ. ಈಗ ಮೀನುಗಾರರಿಂದ ಸಮುದ್ರದ ತಾಜಾ ‘ರೋಜಾ’ ಜಾತಿಯ ಸಿಗಡಿಯನ್ನೇ ತರುತ್ತೇನೆ. ಇಲ್ಲಿ ಲಾಗೋವಾ ದ ಕೊನ್ಸೆಯ್ಸಾವ್‌ನ ಹೋಟೆಲುಗಳಲ್ಲಿ ‘ಸೆಕ್ವೆನ್ಸಿಯಾ’ ಎಂದು ಬೇಯಿಸಿದ್ದು, ಬೆಳ್ಳುಳ್ಳಿಯಲ್ಲಿ ಹುರಿದದ್ದು, ಹೊದಿಕೆ ಹಾಕಿ ಕರಿದದ್ದು, ಜೊತೆಗೆ ಮರಗೆಣಸಿನ ಹಿಟ್ಟಿನ ಗಟ್ಟಿ ಗಂಜಿಯಾದ ಪಿರಾವ್, ಹೀಗೆ ಒಂದಾದ ಮೇಲೊಂದು ಬಡಿಸುತ್ತಾರೆ. ಅದನ್ನು ತಿಂದವರಿಗೆ ಕೊಳದ ಸಿಗಡಿ ರುಚಿಸುವುದಿಲ್ಲ.

ನತಾಲ್ ನಿವಾಸಿ: ಮೇಲಿನವರ ಅಹಂಕಾರಕ್ಕೆ ಉತ್ತರಿಸಲೇಬೇಕು. ಬಲೆ ಹಾಕುವುದಕ್ಕೆ ನಿಷೇಧವಿರುವ ತಿಂಗಳುಗಳಲ್ಲಿ ಅವರು ಏನನ್ನು ತಿನ್ನುತ್ತಾರೆ? ರಿಯೊ ಗ್ರಾಂಜಿ ದೊ ನೊರ್ಟೆ ಮತ್ತು ಸಿಯಾರಾದ ಕೊಳಗಳಲ್ಲಿ ಬೆಳೆಯುವ ವೆನಾಮಿ ಜಾತಿಯ ಸಿಗಡಿಯೇ ದೇಶದ ಬೊಟೆಕೊಗಳನ್ನು (ಸಣ್ಣ ಬಾರುಗಳನ್ನು) ನಡೆಸುತ್ತಿದೆ. ಕರಗಿಸುವ ಕೆಲಸವನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳತಟ್ಟೆಯಲ್ಲಿ, ಜರಡಿಯ ಮೇಲಿಟ್ಟು ಮಾಡಬೇಕು. ಬಟ್ಟೆಯಲ್ಲಿ ಒತ್ತಿ ಒರೆಸಿ, ಉಪ್ಪನ್ನು ಕೊನೆಯಲ್ಲಿ ಹಾಕಬೇಕು, ಏಕೆಂದರೆ ಉಪ್ಪು ಮತ್ತೆ ನೀರು ಬಿಡಿಸುತ್ತದೆ. ನನ್ನ ಮನೆಯಲ್ಲಿ ಒಂದು ಹೊದಿಕೆಯೂ ಕಳಚುವುದಿಲ್ಲ.

ಫ್ಲೋರಿಯಾನೊಪೊಲಿಸ್‌ನ ಕುಂದಾಪುರದವ: ಬಿಳಿಚುಕ್ಕೆ ರೋಗದಿಂದ ಕೊಳಗಳು ನೆಲಕಚ್ಚಿದ್ದನ್ನೂ ಹೇಳಿ.

ನತಾಲ್ ನಿವಾಸಿ: 2004-05ರಲ್ಲಿ ಅದು ಬಂದದ್ದು ನಿಮ್ಮ ರಾಜ್ಯ ಸಾಂತಾ ಕತರೀನಾಕ್ಕೇ! ಅದು ಸಿಗಡಿಯ ರೋಗ, ತಿನ್ನುವವರಿಗೆ ತಗಲುವುದಿಲ್ಲ. ತಿಳಿಯದೆ ಹೆದರಿಸಬೇಡಿ.

ರಿಯೊ ಗೃಹಿಣಿ: ಇಬ್ಬರೂ ಹಿಟ್ಟಿನ ಮಾತನ್ನೇ ಮರೆತಿದ್ದೀರಿ. ಮೈದಾ, ಮೊಟ್ಟೆ, ಫರಿನ್ಯಾ ಜಿ ರೊಸ್ಕಾ, ಇದೇ ಕ್ರಮ. ಹಿಟ್ಟನ್ನು ಕೊಡವದೆ ಮೊಟ್ಟೆಗೆ ಅದ್ದಿದರೆ ಅದು ಗಂಟಾಗಿ ಉದುರುತ್ತದೆ. ಹಳೆಯ ಪಾವ್ ಫ್ರಾನ್ಸೇಸ್ (ಇಲ್ಲಿನ ಸಣ್ಣ ಬ್ರೆಡ್) ಒಣಗಿಸಿ ನಾನೇ ಪುಡಿ ಮಾಡುತ್ತೇನೆ. ನೆಂಟರಿಗೆ ಬೇಕಾದರೆ ಇನ್ನೂ ಶ್ರಮದ ಬಗೆಯಿದೆ: ಸಿಗಡಿಯ ಸುತ್ತ ರೆಕೇಜಾವ್ ಎಂಬ ಮೆತ್ತನೆಯ ಚೀಸ್ ಸವರಿ, ಬೇಯಿಸಿದ ಕಣಕದಲ್ಲಿ ಬಾಲ ಮಾತ್ರ ಹೊರಗೆ ಕಾಣುವಂತೆ ಮುಚ್ಚಿ, ಪುಡಿ ಹಚ್ಚಿ ಕರಿಯಬೇಕು. ಕೈತೊಳೆಯುವಷ್ಟರಲ್ಲಿ ಬೆರಳ ಸಂದುಗಳಲ್ಲಿ ಚೀಸ್ ಗಟ್ಟಿಯಾಗಿರುತ್ತದೆ. ಪಾಂಕೊ ಹಾಕಿದ್ದು ಬ್ರೆಜಿಲ್‌ನ ತಿಂಡಿಯೇ ಅಲ್ಲ.

ಲಿಬರ್ದಾಜಿಯ (ಸಾವ್ ಪಾವ್ಲೊದ ಜಪಾನಿ ಬಡಾವಣೆ) ನೆರೆಯವ: 1908ರಲ್ಲಿ ಕಸಾತೊ ಮಾರು ಹಡಗಿನಲ್ಲಿ ಸಾಂತೋಸ್‌ಗೆ ಬಂದಿಳಿದ ಜಪಾನಿಯರ ಮರಿಮಕ್ಕಳು ಬ್ರೆಜಿಲ್‌ನವರಲ್ಲವೇ? ಮೈದಾ, ಮೊಟ್ಟೆ, ಪುಡಿ ಹಚ್ಚುವ ನಿಮ್ಮ ಮಿಲನೇಜಾ ವಿಧಾನವೂ ಇಟಲಿಯ ಕಡೆಯದು. ಪಾಂಕೊ ದುಬಾರಿ ಎಂಬುದು ನಿಜ, ಆದರೆ ಮೇಜಿನ ಮೇಲಿಟ್ಟು ಅರ್ಧ ಗಂಟೆಯಾದರೂ ಅದು ಗರಿಗರಿಯಾಗಿರುತ್ತದೆ. ನಿಮ್ಮ ಪುಡಿ ಎಣ್ಣೆ ಹೀರಿ ಒದ್ದೆ ರಟ್ಟಿನಂತಾಗುತ್ತದೆ.

ರಿಯೊ ಗೃಹಿಣಿ: ಎಣ್ಣೆ 180 ಡಿಗ್ರಿಗೆ ಕಾಯುವ ಮೊದಲೇ ಹಾಕುವವರ ಪುಡಿ ಹಾಗಾಗುತ್ತದೆ, ನನ್ನದಲ್ಲ.

ನತಾಲ್ ನಿವಾಸಿ: ಊರಿನ ಚಿರೋಟಿ ರವೆ ಹಚ್ಚಿದವರು ಯಾರೂ ಇಲ್ಲವೇ?

ಫ್ಲೋರಿಯಾನೊಪೊಲಿಸ್‌ನ ಕುಂದಾಪುರದವ: ರವೆ ಹಚ್ಚಿದರೆ ಅದು ನಮ್ಮ ಸಿಗಡಿ ರವಾ ಫ್ರೈ ಆಗುತ್ತದೆ, ಖಾರವಿಲ್ಲದೆ ಅದನ್ನು ಮಾಡುವವರನ್ನು ನಾನು ಊರಿನವರೆಂದು ಒಪ್ಪುವುದಿಲ್ಲ.