ಜಡಿಮಳೆ ಹಿಡಿದ ಮೇಲೆ ಸಂಜೆಗೆ ಹಿಯರಿಂಗ್ ಏಡ್ ಸದ್ದು ಕುಂದುತ್ತದೆ, ಏನು ಮಾಡಬೇಕು?

ಪೆರ್ಲ_ತೋಟ:
ಅಪ್ಪನಿಗೆ 71 ವರ್ಷ. ಎರಡೂ ಕಡೆ ಕಿವಿಯ ಹಿಂದೆ ಕೂರುವ ಹಿಯರಿಂಗ್ ಏಡ್, ಮೋಲ್ಡ್ (ಕಿವಿಯೊಳಗೆ ಕೂರುವ ಅಚ್ಚು) ಮತ್ತು ಟ್ಯೂಬ್ ಇರುವಂಥದ್ದು, 13 ನಂಬರಿನ ಸೆಲ್. ಮಳೆ ಶುರುವಾದಂದಿನಿಂದ ಬೆಳಗ್ಗೆ ಚೆನ್ನಾಗಿ ಕೇಳುತ್ತದೆ, ಮಧ್ಯಾಹ್ನ ಕಳೆದರೆ ಸದ್ದು ಕುಂದುತ್ತದೆ. ಬಲಗಡೆಯದ್ದು ನಿಂತೇ ಹೋಗುತ್ತದೆ. ಮರುದಿನ ಮತ್ತೆ ಸರಿ. ಸೆಲ್ ನಾಲ್ಕೇ ದಿನ ಬರುತ್ತಿದೆ. ರಾತ್ರಿ ಬಚ್ಚಲೊಲೆಯ ಹತ್ತಿರ ಇಟ್ಟು ಒಣಗಿಸಬಹುದೇ? ಇನ್ನೊಂದು: ಜೀನ್ ಚಿಕಿತ್ಸೆಯ ಸುದ್ದಿ ಓದಿ ಅಪ್ಪ "ಮಿಷನ್ ಯಾಕೆ, ಅದಕ್ಕೇ ಕಾಯುವ" ಎನ್ನುತ್ತಾರೆ. ಅದರಲ್ಲಿ ಹುರುಳಿದೆಯೇ?

ಶ್ರವಣತಜ್ಞೆ_ಮಂಜೇಶ್ವರ:
ಬೆಳಗ್ಗೆ ಸರಿ, ಸಂಜೆಗೆ ಮಂಕು ಎಂದರೆ ಮೊದಲು ಟ್ಯೂಬ್ ನೋಡಿ. ಕಿವಿಯೊಳಗಿನ ಬೆಚ್ಚನೆಯ ಹಸಿಗಾಳಿ ಟ್ಯೂಬಿಗೆ ಏರಿ, ಹೊರಗಿನ ತಂಪಿಗೆ ಹನಿಗಟ್ಟುತ್ತದೆ. ಟ್ಯೂಬಿನ ಒಳಗಂಡಿ ಸುಮಾರು 2 ಮಿ.ಮೀ. ಅಷ್ಟೆ, ಒಂದು ಹನಿ ಅಡ್ಡ ನಿಂತರೂ ಸದ್ದಿಗೆ ದಾರಿಯಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಬಾಗಿದ ಕಡೆ ನೀರು ಮಣಿಯ ಹಾಗೆ ಕೂತಿರುವುದು ಕಾಣುತ್ತದೆ.

ಸದ್ದು ನಿಂತ ಹೊತ್ತಿಗೇ ಪರೀಕ್ಷಿಸಿ. ಮಿಷನ್ನನ್ನು ಕಿವಿಯ ಮೇಲೆ ಹಿಡಿದಿಡುವ ಕೊಕ್ಕೆಯಿಂದ ಟ್ಯೂಬ್ ಬಿಡಿಸಿ, ಬರಿಯ ಮಿಷನ್ನನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ. ಕುಂಯ್ ಎಂದು ಕೂಗಿದರೆ ಮಿಷನ್ ಚೆನ್ನಾಗಿದೆ, ಟ್ಯೂಬ್ ಅಥವಾ ಮೋಲ್ಡ್ ಕಟ್ಟಿದೆ. ಕೂಗದಿದ್ದರೆ ಸೆಲ್ ಬದಲಿಸಿ ನೋಡಿ. ಕೆಲವು ಮಾದರಿಗಳ ಕೊಕ್ಕೆಯೊಳಗೆ ಪುಟ್ಟ ಜಾಲರಿ ಇರುತ್ತದೆ, ಅದು ನೆನೆದರೂ ಸದ್ದು ಇಳಿಯುತ್ತದೆ. ಸೂಜಿ ಹಾಕಬೇಡಿ, ಕೊಕ್ಕೆಯನ್ನೇ ಬದಲಿಸಿಕೊಳ್ಳಿ.

ಹನಿ ತೆಗೆಯಲು ರಬ್ಬರ್ ಬ್ಲೋವರ್ ಬೇಕು. ಬಾಯಿಂದ ಊದಿದರೆ ಉಸಿರಿನ ತೇವವೂ ಒಳಗೆ ಸೇರುತ್ತದೆ. ಮೋಲ್ಡನ್ನು ಮಿಷನ್ನಿನಿಂದ ಬೇರ್ಪಡಿಸಿ, ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು, ಊದಿ, ರಾತ್ರಿಯಿಡೀ ಆರಲು ಬಿಡಿ. ಸ್ಪಿರಿಟ್ ಬೇಡ. ಹಳದಿಗಟ್ಟಿ ಗಡುಸಾದ ಟ್ಯೂಬ್ ಕುಗ್ಗಿ ಮೋಲ್ಡನ್ನು ಎಳೆಯುತ್ತದೆ. 3ರಿಂದ 6 ತಿಂಗಳಿಗೊಮ್ಮೆ ಹೊಸದು ಹಾಕಿಸಿ.

ಬಚ್ಚಲೊಲೆಯ ಹತ್ತಿರ ಖಂಡಿತ ಬೇಡ. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಮಸಿ ಮೈಕಿನ ತೂತಿಗೆ ಕೂರುತ್ತದೆ. ಅಕ್ಕಿಡಬ್ಬವೂ ಬೇಡ, ಹಿಟ್ಟು ಒಳಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಸೆಲ್ ತೆಗೆದು, ಅದರ ಬಾಗಿಲು ತೆರೆದು ಮಿಷನ್ ಇಡಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ ಅದರ ಕೆಲಸ ಮುಗಿಯಿತು. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಬಣ್ಣ ಮರಳುತ್ತದೆ. ಅಡುಗೆಯ ಪಾತ್ರೆ ಮಾತ್ರ ಬಳಸಬೇಡಿ. ಅಡಿಕೆಗೆ ಮದ್ದು ಬಿಡುವ ದಿನ ಮಿಷನ್ ಮನೆಯಲ್ಲೇ ಇರಲಿ.

ಸೆಲ್‌ಅಂಗಡಿ_ಕುಂಬಳೆ:
ಸೆಲ್ಲಿನ ವಿಷಯ. ಇದು ಗಾಳಿಯಿಂದ ನಡೆಯುವ ಜಿಂಕ್ ಸೆಲ್. ಸ್ಟಿಕ್ಕರ್ ಕಿತ್ತ ಮೇಲೆ 2ರಿಂದ 5 ನಿಮಿಷ ಹೊರಗಿಟ್ಟು ಆಮೇಲೆ ಹಾಕಿ, ಗಾಳಿ ಒಳಸೇರಲಿ. ಸ್ಟಿಕ್ಕರನ್ನು ಮತ್ತೆ ಅಂಟಿಸಿದರೆ ಉಳಿಯುವುದಿಲ್ಲ. ತೇವಕ್ಕೆ ತೂತು ಮುಚ್ಚಿದರೆ ಸೆಲ್ ಉಸಿರುಗಟ್ಟಿ ಸತ್ತಂತೆ ಕಾಣುತ್ತದೆ. ಎಸೆಯುವ ಮೊದಲು ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. 13 ನಂಬರಿನದ್ದು ಸಾಮಾನ್ಯವಾಗಿ ಒಂದೆರಡು ವಾರ ಬರಬೇಕು. ರಾತ್ರಿ ಸಿಲಿಕಾ ಡಬ್ಬಕ್ಕೆ ಸೆಲ್ ಹಾಕಬೇಡಿ, ಒಣಗಿ ಆಯುಸ್ಸು ಕಡಿಮೆಯಾಗುತ್ತದೆ. ಫ್ರಿಜ್ಜೂ ಬೇಡ.

ಜೀವಶಾಸ್ತ್ರ_ಮುಳ್ಳೇರಿಯ:
ಜೀನ್ ಚಿಕಿತ್ಸೆಯ ಸುದ್ದಿ ನಿಜ, ಆದರೆ ಅದು ಬೇರೆಯೇ ಕಿವುಡು. ಓಟೋಫರ್ಲಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟು ಹುಟ್ಟುಕಿವುಡಾದ ಮಕ್ಕಳಿಗೆ ಅದು. ಶಾಂಘೈಯಲ್ಲಿ ಚಿಕಿತ್ಸೆ ಪಡೆದ 6 ಮಕ್ಕಳಲ್ಲಿ 5 ಮಂದಿಗೆ ಕೇಳತೊಡಗಿತು ಎಂದು 2024ರಲ್ಲಿ ಪ್ರಕಟವಾಯಿತು. ಆ ಮಕ್ಕಳಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಇವೆ, ನರಕ್ಕೆ ಸಂದೇಶ ದಾಟಿಸಲು ಆಗುತ್ತಿರಲಿಲ್ಲ. ವಯಸ್ಸಿನ ಕಿವುಡಿನಲ್ಲಿ ರೋಮಕೋಶಗಳೇ ಸಾಯುತ್ತವೆ. ಹಕ್ಕಿಗಳಿಗೆ ಅವು ಮತ್ತೆ ಹುಟ್ಟುತ್ತವೆ, ನಮಗಿಲ್ಲ. ಹುಟ್ಟಿಸಲು ನೋಡಿದ ಎಫ್‌ಎಕ್ಸ್-322 ಎಂಬ ಮದ್ದು 2023ರಲ್ಲಿ ಪ್ರಯೋಗದಲ್ಲಿ ಸೋತಿತು. ಕಾಯುವುದರಲ್ಲಿ ಅರ್ಥವಿಲ್ಲ ಎಂದು ಅಪ್ಪನಿಗೆ ನೇರ ಹೇಳಿ. ಅಮೆರಿಕದಲ್ಲಿ 70ರಿಂದ 84 ವರ್ಷದ 977 ಮಂದಿಯಲ್ಲಿ ಹಿಯರಿಂಗ್ ಏಡ್ ಕೊಟ್ಟವರನ್ನೂ ಕೊಡದವರನ್ನೂ ಮೂರು ವರ್ಷ ಗಮನಿಸಿ ಹೋಲಿಸಿದ್ದರು. ಒಟ್ಟು ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ, ಹಿಯರಿಂಗ್ ಏಡ್ ಬಳಸಿದವರ ಬುದ್ಧಿಶಕ್ತಿ ಕುಂದುವ ವೇಗ 48% ಕಡಿಮೆಯಿತ್ತು.

ಪೆರ್ಲ_ತೋಟ:
ಬಲಗಡೆಯ ಟ್ಯೂಬಿನಲ್ಲಿ ಹನಿ ಕಾಣಿಸಿತು, ಊದಿದೆ. ಮಿಷನ್ ಕೂಗುತ್ತದೆ. ಆದರೂ ಆ ಕಿವಿಗೆ ಎಡದಷ್ಟು ಕೇಳುವುದಿಲ್ಲವಂತೆ.

ಶ್ರವಣತಜ್ಞೆ_ಮಂಜೇಶ್ವರ:
ಹಾಗಾದರೆ ಆ ಕಿವಿಯಲ್ಲಿ ಗುಗ್ಗೆ ತುಂಬಿರಬಹುದು. ಕಡ್ಡಿ ಹಾಕದೆ ಇಎನ್‌ಟಿ ವೈದ್ಯರಲ್ಲಿ ತೆಗೆಸಿ. ಗುಗ್ಗೆ ಇಲ್ಲದಿದ್ದರೆ ಅಲ್ಲೇ ಆಡಿಯೋಗ್ರಾಂ (ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಿ, ಹಳೆಯದನ್ನೂ ಒಯ್ಯಿರಿ. ಮಿಷನ್ ತೆಗೆದಾಗಲೂ ಆ ಕಿವಿ ಒಂದೆರಡು ದಿನದಲ್ಲೇ ಥಟ್ಟನೆ ಮಂದವಾಗಿದ್ದರೆ ನಾಳೆಗೆ ಇಡಬೇಡಿ. ಅದಕ್ಕೆ ಸ್ಟಿರಾಯ್ಡ್ ಕೊಡುವುದಿದ್ದರೆ ಮೊದಲ ಎರಡು ವಾರದೊಳಗೇ, ಬೇಗ ಶುರುಮಾಡಿದಷ್ಟೂ ಒಳ್ಳೆಯದು.